ಗಾದಿಲಿಂಗಪ್ಪ ಫೋಟೊ ತೆಗೆದರೆ ಬೀಳುತ್ತದೆ

ಆಂಧ್ರದ ಗಡಿಯೂರು ರಾಯದುರ್ಗದ ಹಳೆ ಬೀದಿಗಳಲ್ಲಿ ಗಾದಿಲಿಂಗಪ್ಪ ಕ್ಯಾಮೆರಾ ತೂಗುಹಾಕಿಕೊಂಡು ಬಂದರೆ ಹಳೆ ಮನೆಗಳ ಯಜಮಾನರಿಗೆ ಎದೆ ಧಸಕ್ಕೆನ್ನುತ್ತದೆ. ಅವನು ಫೋಟೊ ತೆಗೆದ ಕಟ್ಟಡ ವರ್ಷ ಕಳೆಯುವುದರೊಳಗೆ ಬೀಳುತ್ತದೆ ಅಂತ ಊರಿಗೆ ಊರೇ ನಂಬಿಕೊಂಡಿದೆ. ನಂಬದವನು ಒಬ್ಬನೇ, ಅವನು ಗಾದಿಲಿಂಗಪ್ಪ ಅಂತಲೂ ಊರು ನಂಬಿತ್ತು. ಊರು ತಪ್ಪಿದ್ದು ಈ ಎರಡನೆಯದರಲ್ಲಿ.

ಬಟ್ಟೆ ಅಂಗಡಿಯವರ ಮನೆಯಲ್ಲಿ ಹುಟ್ಟಿದವನು ಈತ. ಅಣ್ಣ ರವಿಶಂಕರ ಅಂಗಡಿಯ ಗಲ್ಲಾದ ಮೇಲೆ ಕೂತು ಬಟ್ಟೆ ಹರಿಯುವುದನ್ನು ಕಲಿತರೆ, ತಮ್ಮ ಬಳ್ಳಾರಿಗೆ ಓಡಿಹೋಗಿ ಒಂದು ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆಯುವುದನ್ನು ಕಲಿತ. ವಾಪಸು ಬಂದು 'ಗಾದಿ ಸ್ಟುಡಿಯೊ' ಅಂತ ಬೋರ್ಡು ಹಾಕಿದ. ಸುತ್ತಮುತ್ತಲ ಹಳ್ಳಿಗಳಲ್ಲಿ ಕುತ್ತಿಗೆ ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ಕೂತ ಗಂಡು ಹೆಣ್ಣಿನ ಫೋಟೊ ಗೋಡೆಯ ಮೇಲೆ ಕಂಡರೆ ಅದು ಇವನದೇ ಅಂತ ಕಣ್ಣುಮುಚ್ಚಿ ಹೇಳಬಹುದು. ಆಮೇಲೆ ಮೊಬೈಲು ಬಂತು, ಕತ್ತಲೆ ಕೋಣೆಯಲ್ಲಿ ಈಗ ಜೆರಾಕ್ಸ್ ಮಿಷನ್ನು ಕೂತಿದೆ.

ಬಿದ್ದ ಗೋಡೆಗಳ ಹುಚ್ಚು ಹಿಡಿದದ್ದು ದ್ರಾಕ್ಷಾಯಣಮ್ಮನಿಂದ. ಕೋಟೆ ಕೆಳಗಿನ ಅವಳ ತವರುಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಕೆಡವಿಸಿದ್ದರು. ಮುದುಕಿ ಸ್ಟುಡಿಯೊಕ್ಕೆ ಬಂದು, "ತಮ್ಮಾ, ನೀ ತೆಗುದ ನನ್ನ ತಂಗಿ ಮದುವಿ ಫೋಟೊದಾಗ ನಮ್ಮ ತಲಬಾಗ್ಲ ಬಂದೈತೇನು ನೋಡಪ್ಪಾ" ಅಂದಳು. ಇವನು ಹಳೆ ನೆಗೆಟಿವ್‌ಗಳನ್ನೆಲ್ಲ ಬೆಳಕಿಗೆ ಹಿಡಿದು ಹುಡುಕಿದ. ಅಕ್ಕಿಕಾಳಿತ್ತು, ಬಾಸಿಂಗವಿತ್ತು, ಬೀಗರ ಸಿಟ್ಟುಮೋರೆ ಕೂಡ ಇತ್ತು, ಬಾಗಿಲು ಮಾತ್ರ ಎಲ್ಲೂ ಇರಲಿಲ್ಲ. ದ್ರಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಇಷ್ಟು ವರ್ಷ ಜನರ ಹಿಂದೆ ನಿಂತಿದ್ದ ಮನೆಗಳನ್ನು ತಾನು ನೋಡಲೇ ಇಲ್ಲವಲ್ಲ ಅಂತ ಅವನಿಗೆ ಆಗ ಹೊಳೆಯಿತು.

ಅಲ್ಲಿಂದ ಶುರುವಾಯಿತು ತಿರುಗಾಟ. ಸೂರು ಹಾರಿಹೋದ ಎಣ್ಣೆ ಮಿಲ್ಲು, ಮುಳ್ಳುಕಂಟಿ ಬೆಳೆದ ಟಾಕೀಸು, ಸಂತೆಗೆ ಬಂದವರು ತಂಗುತ್ತಿದ್ದ ಛತ್ರ. ಹೆಂಡತಿಯ ತವರು ಮಡಕಶಿರ ಆದ್ದರಿಂದ ಆ ಕಡೆಯೂ ಅಷ್ಟೇ. ರತ್ನಗಿರಿ ಕೋಟೆಯ ಕಣಜ, ಗುಡಿಬಂಡೆಯ ಬೀಗ ಜಡಿದ ಅಂಗಡಿಮನೆ, ಅಮರಾಪುರದ ಕಡಲೆಕಾಯಿ ಗೋದಾಮು ಒಂದನ್ನೂ ಬಿಡಲಿಲ್ಲ. ಬರೀ ಫೋಟೊ ತೆಗೆದು ಬರುವ ಜಾಯಮಾನವಲ್ಲ ಅವನದು. ಪಕ್ಕದ ಚಹಾ ಅಂಗಡಿಯಲ್ಲಿ ಕೂತು, ಕಟ್ಟಿಸಿದವರಾರು, ಬಿಟ್ಟುಹೋದದ್ದು ಯಾಕೆ ಅಂತ ಮುದುಕರ ಬಾಯಿ ಬಿಡಿಸುತ್ತಿದ್ದ. ಆಮೇಲೆ ದೊಡ್ಡದಾಗಿ ಪ್ರಿಂಟು ಹಾಕಿಸಿ, ಕೆಳಗೆ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು, ಬೀದಿಗೆ ಕಾಣುವಂತೆ ಸ್ಟುಡಿಯೊ ಗೋಡೆಗೆ ನೇತುಹಾಕುತ್ತಿದ್ದ. ಜನ ನಿಂತು ನೋಡುತ್ತಿದ್ದರು, ತಮ್ಮಜ್ಜ ಆ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಅಂತ ಜಂಬ ಕೊಚ್ಚುತ್ತಿದ್ದರು.

ಆದರೆ ಎಣ್ಣೆ ಮಿಲ್ಲು ಅದೇ ಮಳೆಗಾಲದಲ್ಲಿ ಕುಸಿಯಿತು. ಛತ್ರ ರಸ್ತೆ ಅಗಲಿಸುವಾಗ ಹೋಯಿತು. ಟಾಕೀಸಿನ ಗೋಡೆ ಒಂದು ದಿನ ಯಾರಿಗೂ ಹೇಳದೆ ಕೇಳದೆ ಬಿತ್ತು. ಇನ್ನೇನು ಬೇಕು ಜನಕ್ಕೆ? ಒಂದು ಬೆಳಿಗ್ಗೆ ಸಂಜೀವಪ್ಪ ಅನ್ನುವ ವ್ಯಾಪಾರಿ ತನ್ನ ಹಳೆ ಮನೆಯ ಮುಂದೆ ಇವನನ್ನು ಕಂಡು ಕೈ ಅಡ್ಡ ಹಿಡಿದ.

"ನಿಮಗ ಕೈ ಮುಗೀತೀನ್ರಿ, ನಮ್ಮನಿ ಕಡಿ ಅದನ್ನ ತಿರುಗಿಸಬ್ಯಾಡ್ರಿ."

ಗಾದಿಲಿಂಗಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಬೀಳೋದನ್ನ ನೋಡಿ ನಾ ಫೋಟೊ ತೆಗೀತೀನಿ. ನಾ ತೆಗುದೆ ಅಂತ ಯಾವ ಗ್ವಾಡಿನೂ ಬೀಳಂಗಿಲ್ಲ. ಓದಿದೋರು ನೀವು, ಇಂಥ ಮಾತಾಡಾಕ ನಾಚಿಕಿ ಆಗಂಗಿಲ್ಲೇನ್ರಿ?" ಅಂತ ಬಜಾರಿನ ನಡುವೆ ನಿಂತು ಅವನ ಮಾನ ಹರಾಜು ಹಾಕಿದ. ಆಮೇಲೆ ಚಹಾ ಅಂಗಡಿಯಲ್ಲಿ ಮೂಢನಂಬಿಕೆಯ ಮೇಲೆ ಭಾಷಣವನ್ನೂ ಬಿಗಿದ.

ಇಷ್ಟೆಲ್ಲ ತೆಗೆದವನು ಒಂದೇ ಒಂದು ಕಟ್ಟಡವನ್ನು ತೆಗೆದಿರಲಿಲ್ಲ. ಅದು ಮಡಕಶಿರದ ಹೊರಗಿದ್ದ ಫಿಲೇಚರ್. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಗೆ ಆ ಕಡೆಯವರು ಹಾಗೇ ಅನ್ನುತ್ತಾರೆ. ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಹೆಂಡತಿ ಮಂಜುಳ ಮದುವೆಗೆ ಮೊದಲು ಅಲ್ಲಿ ನೂಲು ತೆಗೆಯುತ್ತಿದ್ದಳು. ಹೆಂಗಸರ ಗುರುತಿನ ಚೀಟಿಗೆ ಫೋಟೊ ತೆಗೆಯಲು ಹೋದ ಹರೆಯದ ಗಾದಿಲಿಂಗಪ್ಪ, ಕುದಿಯುವ ನೀರಿನ ತೊಟ್ಟಿಗಳ ಸಾಲಿನಲ್ಲಿ ಅವಳ ಮುಂದೆ ನಿಂತಾಗ ಹಬೆಗೆ ಲೆನ್ಸು ಮಂಜಾಯಿತು. ಒರೆಸಿದ, ಮತ್ತೆ ಮಂಜಾಯಿತು. "ನಿಮ್ಮ ಕ್ಯಾಮೆರಾಕ್ಕೂ ಬೆವರು ಬತ್ತೈತಾ?" ಅಂತ ಅವಳು ನಕ್ಕಳು. ಗೂಡಿನ ಆ ಕಮಟು ವಾಸನೆ ಈಗಲೂ ಎಲ್ಲಾದರೂ ಬಂದರೆ ಗಾದಿಲಿಂಗಪ್ಪನಿಗೆ ಮೈ ಹಗುರಾಗುತ್ತದೆ.

ಮದುವೆಯ ಮಾತು ಬಂದಾಗ ಅಣ್ಣ ರವಿಶಂಕರ ಕೂಲಿ ಮಾಡುವ ಹುಡುಗಿ ಅಂತ ಮುಖ ಸಿಂಡರಿಸಿದ. ಕೊನೆಗೆ ಒಪ್ಪಿದವನು ನೆಂಟರ ಮುಂದೆ, "ರೇಷ್ಮಿ ವ್ಯಾಪಾರದೋರ ಮನಿ ಹುಡುಗಿ" ಅಂತ ಒಂದು ಮಾತು ಹಾರಿಸಿಬಿಟ್ಟ. ಅದೇ ನಿಂತುಹೋಯಿತು. ಗಾದಿಲಿಂಗಪ್ಪ ತಿದ್ದಲಿಲ್ಲ. ಮಂಜುಳ ಕಾಯುತ್ತಾ ಹೋದಳು.

ಫೋಟೊಗಳು ಸ್ಟುಡಿಯೊ ಗೋಡೆ ಏರತೊಡಗಿದ ಮೇಲೆ ಅವಳು ಬಾಯಿಬಿಟ್ಟು ಕೇಳಿದಳು. "ಊರೋರ ಗೋಡೆನೆಲ್ಲ ತೆಗಿತೀರ, ನಮ್ಮ ಫಿಲೇಚರ್ ಒಂದು ತೆಗಿಯಕ್ಕೆ ಏನ್ ಕಷ್ಟ?"

"ಅಲ್ಲಿ ಬೆಳಕು ಸರಿ ಬೀಳಂಗಿಲ್ಲ, ಮುಂದಿನ ಸಲ ನೋಡೂಣು" ಅಂದ. ಮುಂದಿನ ಸಲ ಜಾಲಿಗಿಡ ಅಡ್ಡ ಬಂದಿತ್ತು, ಅದರ ಮುಂದಿನ ಸಲ ಬೀಗದ ಕೈ ಸಿಗಲಿಲ್ಲ. ತವರಿಗೆ ಹೋದಾಗಲೆಲ್ಲ ಅವನು ಆ ದಾರಿ ಬಿಟ್ಟು ಸುತ್ತು ಹಾಕುವುದನ್ನು ಅವಳು ಗಮನಿಸಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಅಣ್ಣನ ಹಾಗೆ ತಮ್ಮನಿಗೂ ನಾಚಿಕೆ, ತಾನು ದುಡಿದ ಜಾಗ ಆ ಗೋಡೆಯ ಮೇಲೆ ಬರುವುದು ಇವನಿಗೆ ಬೇಡ ಅನ್ನುವುದು ಅವಳೊಳಗೆ ಗಟ್ಟಿಯಾಯಿತು. ಅವಳ ಮೊಬೈಲಿನಲ್ಲಿ ಕ್ಯಾಮೆರಾ ಇರಲಿಲ್ಲವೆಂದಲ್ಲ. ಇವನು ತೆಗೆಯಬೇಕಿತ್ತು, ಇವನ ಕೈಯಿಂದ ಬರಬೇಕಿತ್ತು.

ಕಳೆದ ಬೇಸಿಗೆಯಲ್ಲಿ ಅವಳ ಜೊತೆ ದುಡಿದಿದ್ದ ನರಸಕ್ಕ ಮಡಕಶಿರದಿಂದ ಫೋನು ಮಾಡಿದಳು. "ಮಂಜೀ, ನಮ್ಮ ಫಿಲೇಚರ್ ಕೆಡವ್ತವ್ರೆ ಕಣೆ. ಜೆಸಿಬಿ ಬಂದೈತೆ." ಮಂಜುಳ ಫೋನಿಟ್ಟು ಸೀರೆ ಬದಲಿಸಿದಳು. ಗಾದಿಲಿಂಗಪ್ಪ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಿಂದೆ ನಡೆದ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರ ಮುಟ್ಟಿದರು.

ಹೋಗಿ ನೋಡಿದರೆ ಸೂರು ಇಲ್ಲ, ತೊಟ್ಟಿಗಳಿಲ್ಲ, ಮೂರು ಕಡೆಯ ಗೋಡೆ ಇಲ್ಲ. ಹಂಚು, ಇಟ್ಟಿಗೆ, ಧೂಳು. ಕಿಟಕಿಗಳಿದ್ದ ಪಡುವಣ ಗೋಡೆ ಒಂದೇ ನಿಂತಿತ್ತು. ಮಂಜುಳ ಹಂಚಿನ ಚೂರುಗಳ ಮೇಲೆ ಎಚ್ಚರಿಕೆಯಿಂದ ಕಾಲಿಡುತ್ತಾ ಹೋಗಿ ತಾನು ಕೂರುತ್ತಿದ್ದ ಜಾಗ ಹುಡುಕಿ ನಿಂತಳು. ಜೆಸಿಬಿ ಡ್ರೈವರ್ ಮಾರೇಶ ಬೇವಿನ ನೆರಳಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. "ತೊಂದರಗಾ ಕಾನೀಯಂಡಿ ಸಾರ್," ಅಂತ ತೆಲುಗಿನಲ್ಲಿ ಅವಸರಪಡಿಸಿ, "ಊಟ ಆದ್ಮೇಲೆ ಅದ್ನೂ ಕೆಡವ್ಬೇಕು" ಅಂತ ಸೇರಿಸಿದ.

ಗಾದಿಲಿಂಗಪ್ಪ ಕ್ಯಾಮೆರಾ ಕಣ್ಣಿಗೆ ಹಿಡಿದ. ಇಳಿಸಿದ. ಲೆನ್ಸು ಒರೆಸಿದ, ಮತ್ತೆ ಹಿಡಿದ, ಮತ್ತೆ ಇಳಿಸಿದ.

ಮಂಜುಳನಿಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ಕೇಳ್ಲಿಲ್ಲ, ಇವತ್ತು ಕೇಳ್ತೀನಿ. ನಿಮ್ಮ ಹೆಂಡ್ತಿ ಇಲ್ಲಿ ಬಿಸಿನೀರಲ್ಲಿ ಕೈ ಅದ್ದಿ ಕೂಲಿ ಮಾಡ್ದೋಳು ಅಂತ ನಿಮಗೆ ನಾಚಿಕೆ. ಹೌದೋ ಅಲ್ಲವೋ?"

"ನಾಚಿಕಿ ಅಲ್ಲ ಮಾರಾಯ್ತಿ."

"ಮತ್ತೇನು?"

ಅವನು ಗೋಡೆ ನೋಡಿದ, ಕ್ಯಾಮೆರಾ ನೋಡಿದ. "ನಾ ತೆಗುದ್ರ ಬೀಳ್ತೈತಿ, ಮಂಜುಳಾ."

ಅವಳು ಸುತ್ತ ಬಿದ್ದಿದ್ದ ಇಟ್ಟಿಗೆ ರಾಶಿಯನ್ನು ನೋಡಿದಳು. ಕೈ ಎತ್ತಿ ನಿಂತಿದ್ದ ಜೆಸಿಬಿಯನ್ನು ನೋಡಿದಳು. ಇವನು ತಮಾಷೆ ಮಾಡುತ್ತಿದ್ದಾನೆಯೇ ಅಂತ ಮುಖ ನೋಡಿದರೆ ಕಣ್ಣಲ್ಲಿ ನೀರು ತುಂಬಿತ್ತು. ಡಬ್ಬಿಯ ಅನ್ನ ಮುಗಿದರೆ ಬೀಳುವ ಗೋಡೆ, ಅದನ್ನು ಉಳಿಸಿಕೊಳ್ಳಲು ಈ ಮುದುಕ ಬಟನ್ ಒತ್ತದೆ ನಿಂತಿದ್ದಾನೆ.

"ಅಯ್ಯೋ ನನ್ನಪ್ಪ ಶಿವನೇ! ಆ ಸಂಜೀವಪ್ಪನ್ನ ಬಜಾರಲ್ಲಿ ನಿಲ್ಸಿ ಬೈದೋರು ನೀವೇನಾ?"

"ಬೈದೆ. ಅವನ ಮನಿ ಬಿದ್ರ ನನಗೇನು? ನಿನ್ನ ಮೊದಲ್ನೇ ಸಲ ನೋಡಿದ ಜಾಗ ಇದೊಂದ ಐತಿ ನನಗ. ಹೆದರಿಕಿ ಆತು. ಯಾವ ಬಾಯಾಗ ಹೇಳ್ಲಿ?"

ಮಂಜುಳನಿಗೆ ನಗು ಬಂತು. ಮಾರೇಶ ತುತ್ತು ಬಿಟ್ಟು ತಿರುಗಿ ನೋಡುವಷ್ಟು ನಕ್ಕಳು. ನಗುತ್ತಾ ನಗುತ್ತಾ ಅದು ಅಳುವಾಯಿತು. ಇಷ್ಟು ವರ್ಷ ಒಳಗೇ ಕುದಿಸಿಕೊಂಡಿದ್ದದ್ದೆಲ್ಲ ಸೆರಗು ಒದ್ದೆಯಾಗುವ ಹಾಗೆ ಹರಿದುಹೋಯಿತು. ಆಮೇಲೆ ಮೂಗೊರೆಸಿಕೊಂಡು ಅವನ ಕೊರಳಿನಿಂದ ಕ್ಯಾಮೆರಾ ತೆಗೆದುಕೊಂಡಳು.

"ನೀವು ತೆಗುದ್ರೆ ತಾನೇ ಬೀಳೋದು? ನಾನು ತೆಗಿತೀನಿ. ಹೋಗಿ ನಿಂತ್ಕಳ್ರಿ ಆ ಗೋಡೆ ಮುಂದೆ."

ಎಲ್ಲಿ ಒತ್ತಬೇಕು ಅಂತ ಅವನು ಅಲ್ಲಿಂದಲೇ ಕೂಗಿ ಹೇಳಿದ.

ಆ ಫೋಟೊ ಈಗ ಸ್ಟುಡಿಯೊ ಗೋಡೆಯ ನಡುಮಧ್ಯ ಇದೆ. ಗೋಡೆ ಒಂದು ಕಡೆಗೆ ವಾಲಿದೆ, ಒಂದು ಕಿಟಕಿ ಅರ್ಧ ಕಟ್ಟಾಗಿದೆ, ಮೂಲೆಯಲ್ಲಿ ಅವಳ ಬೆರಳೂ ಬಂದಿದೆ. ಮೊನ್ನೆ ರವಿಶಂಕರ ಆ ಕಡೆ ಹೋಗುತ್ತಿದ್ದವನು ನಿಂತು, "ಇದ್ಯಾರು ತೆಗುದದ್ದೋ, ಸೊಟ್ಟ ಬಂದೈತಲ್ಲ! ಯಾವೂರ ಗ್ವಾಡಿ ಇದು?" ಅಂದ. ಸ್ಟುಡಿಯೊ ಮುಂದೆ ಜನರಿದ್ದರು.

ಗಾದಿಲಿಂಗಪ್ಪ ದನಿ ತಗ್ಗಿಸಲಿಲ್ಲ. "ಮಡಕಶಿರಾದ ಫಿಲೇಚರ್ ಅಣ್ಣಾ. ಮಂಜುಳ ತೆಗುದದ್ದು. ಮದುವಿಗೆ ಮೊದ್ಲು ಅಕಿ ಅಲ್ಲೇ ಕೂಲಿ ಮಾಡ್ತಿದ್ಲು."

ರವಿಶಂಕರ ಜನರ ಕಡೆ ತಿರುಗಿ ನೋಡಿದ. ಒಳಗೆ ಕೂತು ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ ಮಂಜುಳ ತಲೆ ಎತ್ತದೆ ಗಂಡನನ್ನು ತಿದ್ದಿದಳು.

"ಬರೀ ಕೂಲಿ ಅನ್ಬೇಡ್ರಿ. ನಾನು ನೂಲು ತೆಗಿಯೋ ರೀಲರು. ಆ ತೊಟ್ಟಿ ಸಾಲ್ಗೆಲ್ಲ ನನ್ನ ನೂಲೇ ಸಣ್ಣ, ನಯ."