ಶಟಲ್ ಬೀದಿಯ ಹನ್ನೊಂದು ಮಾದರಿ ಮನೆಗಳು

ಯಾರ ಮನೆಗೆ ಊಟಕ್ಕೆ ಹೋದರೂ ನನ್ನ ಹೆಂಡತಿ ಗ್ಲೆನಿಸ್ ಮೊದಲು ನೋಡುವುದು ಕಿಟಕಿಯನ್ನು, ಆಮೇಲೆ ಮನೆಯವರನ್ನು. ಚೌಕಟ್ಟಿನ ಅಂಚಿಗೆ ಕೈಯ ಹಿಂಭಾಗ ಹಿಡಿದು ಗಾಳಿ ಎಲ್ಲಿಂದ ನುಸುಳುತ್ತಿದೆ ಎಂದು ಹುಡುಕುತ್ತಾಳೆ. ಸಾಲದ್ದಕ್ಕೆ ಕೈಚೀಲದಿಂದ ಊದುಬತ್ತಿ ತೆಗೆದು ಹಚ್ಚುತ್ತಾಳೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಮುಖ ಅರಳುತ್ತದೆ. ಅಡ್ಡಡ್ಡ ಹರಿದರೆ ಮುಗಿಯಿತು, ಅವತ್ತಿನ ಊಟ ಆರಿದ ಮೇಲೇ ನಮಗೆ ಸಿಗುವುದು. ಊದುಬತ್ತಿ ಕೊಡುವುದು ಒಂಬತ್ತನೇ ನಂಬರಿನ ರೆಹಾನಾ. ಮೂಲೆಯ ಅಂಗಡಿ ಅವಳದೇ. ‘ಆಂಟಿ, ಇಷ್ಟು ಊದುಬತ್ತಿ ನಮ್ಮ ಮದುವೆಮನೆಗಳಲ್ಲೂ ಖರ್ಚಾಗಲ್ಲ’ ಎಂದು ಅವಳು ಗ್ಲೆನಿಸ್‌ಳನ್ನು ಛೇಡಿಸುತ್ತಿರುತ್ತಾಳೆ.

ನಾನು ನೆವಿಲ್ ಹಾರ್ಟ್ಲಿ. ಮೂವತ್ತನಾಲ್ಕು ವರ್ಷ ಮ್ಯಾಂಚೆಸ್ಟರಿಗೆ ಹತ್ತಿರದ ಈ ನೆಲ್ಸನ್ ಊರಿನಲ್ಲಿ ಟಪಾಲು ಹಂಚಿದವನು. ಯಾವ ಬಾಗಿಲ ಕಾಗದದ ಕಿಂಡಿಯಿಂದ ಎಷ್ಟು ಬೆಚ್ಚನೆಯ ಗಾಳಿ ಹೊರಬರುತ್ತದೆ ಎಂದು ನನ್ನ ಬೆರಳುಗಳಿಗೆ ಗೊತ್ತು. ಈ ಜ್ಞಾನದಿಂದ ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ಉಪಯೋಗವಾಗಿದೆ, ಅವಳನ್ನೇ ನಾನು ಮದುವೆಯಾಗಿದ್ದೇನೆ.

ಅವಳು ನಮ್ಮ ಶಟಲ್ ಬೀದಿಗೆ ಮೊದಲು ಕಾಲಿಟ್ಟದ್ದು ಸುಳ್ಳು ಹೇಳಲು. ಇದನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಟ್ಟವಳಲ್ಲ. ಸಾವಿರದ ಒಂಬೈನೂರ ಎಂಬತ್ತಾರು, ಅವಳಿಗೆ ಇಪ್ಪತ್ತು ವರ್ಷ. ಜೋಡಿಗಾಜಿನ ಕಿಟಕಿ ಮಾರುವ ಒಂದು ಕಂಪನಿ ಆಗ ಬಾಗಿಲು ಬಾಗಿಲಿಗೆ ಹುಡುಗಿಯರನ್ನು ಕಳಿಸುತ್ತಿತ್ತು. ಅದರ ಹೆಸರು ಹೇಳಿ ನನ್ನ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ. ಹುಡುಗಿಯರಿಗೆ ಒಂದು ಮಾತು ಬಾಯಿಪಾಠ ಮಾಡಿಸಿದ್ದರು. ‘ನಿಮ್ಮದೇ ಈ ಬೀದಿಯ ಮಾದರಿ ಮನೆ. ಕಿಟಕಿ ನೋಡಲು ನಿಮ್ಮಲ್ಲಿಗೇ ಜನ ಬರುತ್ತಾರೆ. ಅದಕ್ಕೇ ನಿಮಗೊಬ್ಬರಿಗೇ ಅರ್ಧ ಬೆಲೆ.’ ಹನ್ನೆರಡು ಮನೆಯ ನಮ್ಮ ಸಾಲಿನಲ್ಲಿ ಗ್ಲೆನಿಸ್ ಇದನ್ನು ಒಂದೇ ಮಧ್ಯಾಹ್ನ ಹನ್ನೊಂದು ಮನೆಯಲ್ಲಿ ಹೇಳಿದಳು. ಹನ್ನೆರಡನೆಯವರು ರಜೆಗೆಂದು ಬ್ಲ್ಯಾಕ್‌ಪೂಲಿನ ಕಡಲತೀರಕ್ಕೆ ಹೋಗಿದ್ದರು, ಇಲ್ಲದಿದ್ದರೆ ಅವರದೂ ಮಾದರಿ ಮನೆಯೇ.

ಶುಕ್ರವಾರ ಮೀನು-ಚಿಪ್ಸ್ ಅಂಗಡಿಯ ಸರತಿಯಲ್ಲಿ ನಿಂತಿದ್ದಾಗ ನನ್ನ ಅಮ್ಮ, ಯಾರಿಗೂ ಹೇಳಬೇಡಿ ಅಂತ ಹೇಳಿದ್ದಾರೆ ಎನ್ನುತ್ತಲೇ ಪಕ್ಕದವಳಿಗೆ ಅರ್ಧ ಬೆಲೆಯ ಸುದ್ದಿ ಹೇಳಿದಳು. ಪಕ್ಕದವಳ ಮುಖ ಇಳಿಯಿತು. ಅವಳ ಹಿಂದಿದ್ದವಳದೂ ಇಳಿಯಿತು. ಮೀನು ಕರಿದು ಮುಗಿಯುವುದರೊಳಗೆ ಬಣ್ಣ ಬಯಲಾಯಿತು. ಹತ್ತು ಮನೆಯವರು ಮರುದಿನವೇ ಕಿಟಕಿ ಬೇಡವೆಂದರು. ಆರನೇ ನಂಬರಿನ ವಿಲ್ಫ್ ಕ್ಲೆಗ್ ಮನೆಯಲ್ಲಿ ಮಾತ್ರ ಅಷ್ಟರಲ್ಲಿ ಕೆಲಸ ಶುರುವಾಗಿ ಹಳೆಯ ಕಿಟಕಿಗಳು ಕಸದ ಗಾಡಿ ಸೇರಿದ್ದವು. ಹೊಸವು ಎರಡು ವರ್ಷ ತಡೆದವು. ಆಮೇಲೆ ಅಂಚಿನ ಮೇಣ ಬಿಟ್ಟುಕೊಂಡು ಎರಡು ಗಾಜುಗಳ ನಡುವೆ ನೀರಾವಿ ಸೇರಿತು. ನಡುವೆ ಸೇರಿದ ಆವಿಯನ್ನು ಒಳಗಿನಿಂದಲೂ ಒರೆಸಲಾಗದು, ಹೊರಗಿನಿಂದಲೂ ಒರೆಸಲಾಗದು. ಅಷ್ಟು ಹೊತ್ತಿಗೆ ಕಂಪನಿ ಬಾಗಿಲು ಹಾಕಿಕೊಂಡಿತ್ತು.

ಬಣ್ಣ ಬಯಲಾದ ಮೂರು ವಾರಕ್ಕೇ ಗ್ಲೆನಿಸ್ ಆ ಕೆಲಸ ಬಿಟ್ಟು ಮತ್ತೆ ನಮ್ಮ ಬೀದಿಗೆ ಬಂದಿದ್ದಳು, ಬೈಸಿಕೊಳ್ಳಲೆಂದೇ. ಅಮ್ಮ ಬೈದ ಬೈಗುಳ ಕೇಳಿ ನನಗೇ ಅಯ್ಯೋ ಅನ್ನಿಸಿತು. ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಬಸ್ಸು ತಡವಾಯಿತು, ಅದಕ್ಕೆ ನಾನು ಇವತ್ತಿಗೂ ಋಣಿ. ಕಣ್ಣೊರೆಸಿಕೊಂಡು ಅವಳು ಕೇಳಿದ್ದು ಒಂದೇ, ‘ಬೇರೆ ಬೀದಿಗಳಲ್ಲಿ ಹಾಕಿದ ನಮ್ಮ ಗಾಜು ಆವಿ ಕಟ್ಟಿದೆ, ಯಾಕೆ ಹಾಗಾಗುತ್ತೆ ಅಂತ ಯಾರಿಗಾದ್ರೂ ಗೊತ್ತಾ?’ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಕಾಲುವೆ ಪಕ್ಕದ ಗಾಜಿನ ಕಾರ್ಖಾನೆಗೆ ಸೇರಿ ಮೂವತ್ತೊಂದು ವರ್ಷ ಗಾಜಿಗೆ ಗಾಜು ಜೋಡಿಸಿ ಅಂಚು ಮುಚ್ಚುವ ಕೆಲಸ ಮಾಡಿದಳು. ಅವಳ ಕೈಯಲ್ಲಿ ಹೋದ ಗಾಜು ಆವಿ ಕಟ್ಟಿ ವಾಪಸು ಬಂದದ್ದಿಲ್ಲ. ಅಮ್ಮ ಮಾತ್ರ ಸಾಯುವವರೆಗೂ ಸೊಸೆಯನ್ನು ‘ಆ ಮಾದರಿ ಮನೆಯವಳು’ ಎಂದೇ ಕರೆದಳು, ಕೊನೆಕೊನೆಗೆ ಪ್ರೀತಿಯಿಂದ.

ನಿವೃತ್ತಿಯಾದ ಮೇಲೆ ಬೀದಿಯ ಮನೆಗಳೆಲ್ಲ ಅವಳ ಮನೆಗಳೇ ಆದವು. ಬಾಗಿಲ ಸಂದಿಗೆ ಹಾಸಲು ಹಳೆಯ ಕಾಲುಚೀಲಗಳಲ್ಲಿ ಅಕ್ಕಿ ತುಂಬಿ ಉದ್ದನೆಯ ದಿಂಬು ಹೊಲಿದು ಹಂಚಿದಳು. ಅಟ್ಟಕ್ಕೆ ಹತ್ತಿಸಿ ನನ್ನಿಂದ ಬಿಸಿ ತಡೆಯುವ ಉಣ್ಣೆಯಂಥ ಹಾಸು ಹಾಸಿಸಿದಳು, ಎರಡು ದಿನ ಮೈ ಪರಚಿಕೊಂಡೆ. ಕಿಟಕಿಯ ಮೇಲಂಚಿನ ಗಾಳಿಕಿಂಡಿಗೆ ಟೇಪು ಅಂಟಿಸಿ, ಒದ್ದೆ ಬಟ್ಟೆಯನ್ನು ಹೀಟರಿನ ಮೇಲೆ ಒಣಹಾಕಿ, ಆಮೇಲೆ ಗೋಡೆಗೆ ಬೂಸು ಬಂತೆಂದು ಅಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಆದರೂ ಬೈಯುವುದು ‘ಚಿನ್ನ’ ಎಂದು ಸೇರಿಸಿಯೇ. ಗ್ಯಾಸಿನವನಿಗೂ ಚಿನ್ನ, ಪಾದ್ರಿಗೂ ಚಿನ್ನ.

ಕಳೆದ ವಸಂತದಲ್ಲಿ ಕೌನ್ಸಿಲಿನಿಂದ ಕಾಗದ ಬಂತು. ನಮ್ಮಂಥ ಹಳೆಯ ಕಲ್ಲುಮನೆಗಳ ಸಾಲುಗಳಿಗೆ ಕಿಟಕಿ, ಬಾಗಿಲು, ಹಿಂಗೋಡೆ ಎಲ್ಲವನ್ನೂ ಬೆಚ್ಚಗೆ ಮಾಡಿಸಿಕೊಡುತ್ತಾರಂತೆ. ಆದರೆ ಮಾಡಿದರೆ ಇಡೀ ಸಾಲು, ಇಲ್ಲದಿದ್ದರೆ ಏನೂ ಇಲ್ಲ. ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನದೊಳಗೆ ಹನ್ನೆರಡು ಮನೆಯ ಸಹಿಯೂ ಸೇರಬೇಕು. ತಪ್ಪಿದರೆ ನಮ್ಮ ಸಾಲಿನ ಹೆಸರು ಹೋಯಿತು. ಮೊದಲು ಒಂದು ಮನೆಗೆ ಹಾಕಿ ತೋರಿಸುತ್ತೇವೆ, ಯಾವ ಮನೆ ಎಂದು ಕೇಳಿದ್ದರು.

ಅವತ್ತು ಅಡುಗೆಮನೆಯಲ್ಲಿ ಗ್ಲೆನಿಸ್ ಆ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಹೇಳಿದಳು: “ನಮ್ಮದೇ ಆಗ್ಲಿ, ನೆವ್. ಈ ಬೀದಿಗೆ ಮಾದರಿ ಮನೆ ಅಂತ ಹನ್ನೊಂದು ಸಲ ಸುಳ್ಳು ಹೇಳಿದೀನಿ. ಒಂದು ಸಲನಾದ್ರೂ ನಿಜ ಆಗ್ಬೇಕು.”

ಇಡೀ ಬೇಸಿಗೆ ಅವಳು ಪಟ್ಟಿ ಹಿಡಿದು ಓಡಾಡಿದಳು. ಒಬ್ಬೊಬ್ಬರ ಮುಂದೆ ಕೂತು ತನ್ನ ಹಳೆಯ ಕಥೆಯನ್ನು ತಾನೇ ಹೇಳಿ, ನಗಿಸಿ, ಸಹಿ ಹಾಕಿಸಿಕೊಂಡಳು. ಖಾಲಿ ಬಿದ್ದಿದ್ದ ಮೂರನೇ ನಂಬರಿನ ಯಜಮಾನ ಮ್ಯಾಂಚೆಸ್ಟರಿನಿಂದಲೇ ಸಹಿ ಕಳಿಸಿದ. ತನ್ನ ಅತ್ತೆ ಚಳಿಗಾಲವಿಡೀ ಕೋಟು ಹಾಕಿಕೊಂಡೇ ನಮಾಜು ಮಾಡುತ್ತಾರೆಂದು ರೆಹಾನಾ ಎಲ್ಲರಿಗಿಂತ ಮೊದಲು ಬರೆದುಕೊಟ್ಟಿದ್ದಳು. ಉಳಿದದ್ದು ವಿಲ್ಫ್ ಒಬ್ಬನೇ. ಎಂಬತ್ತೆರಡರ ಮುದುಕ. ಹೆಂಡತಿ ಐವಿ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಕಿಟಕಿಗಳು ಇನ್ನೂ ಅವೇ, ಹಾಲು ಬೆರೆಸಿದ ನೀರಿನಂತೆ ಬೆಳ್ಳಗಾಗಿದ್ದವು. ಬದಲಾಯಿಸಲು ಯಾರು ಹೇಳಿದರೂ, ಇರಲಿ ಬಿಡು, ಒಂದು ಸಲ ಮೋಸ ಹೋದದ್ದು ನೆನಪಿರುತ್ತೆ ಎನ್ನುತ್ತಿದ್ದ. ಗ್ಲೆನಿಸ್ ಪಟ್ಟಿ ಹಿಡಿದು ಹೋದಾಗಲೆಲ್ಲ ಚಹಾ ಕೊಟ್ಟು, ಹವಾಮಾನದ ಮಾತಾಡಿ, ಕಳಿಸಿಬಿಡುತ್ತಿದ್ದ.

ಅಕ್ಟೋಬರಿನಲ್ಲಿ ನಮ್ಮ ಮನೆಯ ಕಿಟಕಿಗಳು ಬಂದವು. ರಾತ್ರಿ ಹೀಟರು ಆರಿಸಿದರೆ ಬೆಳಿಗ್ಗೆಯವರೆಗೂ ಬೆಚ್ಚಗೆ. ನಾನು ಚಡ್ಡಿಯಲ್ಲಿ ಓಡಾಡತೊಡಗಿದೆ, ಅದನ್ನು ಯಾರೂ ಮೆಚ್ಚಲಿಲ್ಲ. ಹೀಗೆ ಎರಡು ವಾರ ಕಳೆದು ಗುರುವಾರ ಬಂತು. ಮರುದಿನ ಮಧ್ಯಾಹ್ನ ಪಟ್ಟಿ ಕೊಡಬೇಕು.

ಹಿಂದಿನ ರಾತ್ರಿ ಆಕಾಶ ತಿಳಿಯಾಗಿ ಆ ವರ್ಷದ ಮೊದಲ ಚಳಿ ಬಿದ್ದಿತ್ತು. ಬೆಳಿಗ್ಗೆ ಎಂಟಕ್ಕೆ ಪರದೆ ಸರಿಸಿದೆ, ಬೀದಿಯೇ ಕಾಣಲಿಲ್ಲ. ಗಾಜು ಬೆಳ್ಳಗೆ ಮಂಜುಗಟ್ಟಿತ್ತು. ಮಹಡಿಗೆ ಓಡಿದೆ, ಅಲ್ಲೂ ಹಾಗೇ. ಹೊರಗೆ ಬಂದರೆ ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ತಾಯಂದಿರು, ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡವರು, ಎಲ್ಲ ನಮ್ಮ ಮನೆಯ ಮುಂದೆ. ಅವರ ಹಿಂದೆ ಅವರವರ ಹಳೆಯ ಒಂಟಿಗಾಜಿನ ಕಿಟಕಿಗಳು ಒಣಗಿ ಫಳಫಳ ಹೊಳೆಯುತ್ತಿದ್ದವು. ಎಲ್ಲರ ಕಣ್ಣಿಗೆ ಬಿದ್ದದ್ದು ಕುರುಡಾಗಿ ನಿಂತ ಹೊಸ ಕಿಟಕಿಯ ಮನೆ. ನಾಲ್ಕು ಜನ ಆಗಲೇ ತಮ್ಮ ಹೆಸರು ಹೊಡೆದುಹಾಕಿ ಎನ್ನುತ್ತಿದ್ದರು. ವಿಲ್ಫ್ ಚಹಾದ ಲೋಟ ಹಿಡಿದು ತನ್ನ ಬಾಗಿಲಲ್ಲಿ ನಿಂತಿದ್ದ.

“ನನ್ನವು ಎರಡು ವರ್ಷ ತಡೆದಿದ್ವು, ಹುಡುಗಿ,” ಎಂದ. “ನಿನ್ನವು ಎರಡೇ ವಾರ.”

ಗ್ಲೆನಿಸ್ ಚಪ್ಪಲಿಯಲ್ಲೇ ಹೊರಬಂದಳು. ಕಿಟಕಿ ನೋಡಿದಳು. ಅಳುತ್ತಾಳೆಂದುಕೊಂಡೆ. ಅವಳು ನಕ್ಕಳು, ಎರಡೂ ಕೈ ಸೊಂಟಕ್ಕೆ ಕೊಟ್ಟು ಹೊಟ್ಟೆ ತುಂಬ ನಕ್ಕಳು. ತಲೆ ಕೆಟ್ಟಿತೇ ಎಂದು ನಾನು ಹತ್ತಿರ ಹೋದೆ. ಅವಳು ಹೊರಗಿನಿಂದಲೇ ಅಂಗೈಯಲ್ಲಿ ಗಾಜನ್ನು ಒಮ್ಮೆ ಸವರಿದಳು. ಮಂಜು ಹೋಯಿತು, ಒಳಗಿನ ನಮ್ಮ ಸೋಫಾ ಕಂಡಿತು.

“ಇದು ನಡುವೆ ಇಲ್ಲ, ಒಳಗೂ ಇಲ್ಲ, ಹೊರಗಿದೆ. ಇಬ್ಬನಿ ಕಣ್ರೋ, ಹುಲ್ಲಿನ ಮೇಲೆ ಬೀಳುತ್ತಲ್ಲ ಅದೇ,” ಎಂದಳು. “ಗಾಜು ತಣ್ಣಗಿದ್ರೆ ಕೂರುತ್ತೆ. ಹೊರಗಿನ ಗಾಜು ಯಾಕೆ ತಣ್ಣಗಿದೆ? ಒಳಗಿನ ಬಿಸಿ ಅದರ ತನಕ ಬಂದೇ ಇಲ್ಲ.”

ಹಾಗಾದರೆ ನಮ್ಮ ಹಳೆಯ ಕಿಟಕಿ ಯಾಕೆ ಒಣಗಿದೆ ಎಂದು ರೆಹಾನಾ ಕೇಳಿದಳು.

“ನಿನ್ನ ಹೀಟರಿನ ಬಿಸಿಯೆಲ್ಲ ಗಾಜು ದಾಟಿ ಬೀದಿಗೆ ಬರ್ತಿದೆ, ಚಿನ್ನ. ಆ ಕೆಂಪು ಬೆಕ್ಕು ದಿನಾ ನಿಮ್ಮ ಕಿಟಕಿ ಕಟ್ಟೆ ಮೇಲೇ ಯಾಕೆ ಮಲಗುತ್ತೆ ಅಂದ್ಕೊಂಡೆ?”

ಒಂದಿಬ್ಬರು ನಕ್ಕರು, ನಂಬಿದವರು ಕಡಿಮೆ. ಮಾತಿನಲ್ಲಿ ಇವಳನ್ನು ಯಾರು ಗೆಲ್ಲುತ್ತಾರೆ ಎಂದು ಯಾರೋ ಗೊಣಗಿದರು. ಆಗ ಅವಳು ಎಲ್ಲರನ್ನೂ ಮೂರನೇ ನಂಬರಿನ ಮುಂದೆ ಕರೆದುಕೊಂಡು ಹೋದಳು. ಏಪ್ರಿಲಿನಿಂದ ಬೀಗ ಬಿದ್ದ ಮನೆ, ಒಂದು ದಿನವೂ ಹೀಟರು ಹಚ್ಚಿಲ್ಲ. ಕಿಟಕಿಗಳು ರೆಹಾನಾಳ ಮನೆಯವೇ ಅಚ್ಚು, ಅದೇ ಒಂಟಿಗಾಜು, ಅದೇ ಬಡಗಿಯ ಕೈಯವು. ಅವೂ ನಮ್ಮವುಗಳಂತೆಯೇ ಬೆಳ್ಳಗೆ ಮಂಜುಗಟ್ಟಿದ್ದವು. ಗ್ಲೆನಿಸ್ ರೆಹಾನಾಳ ಕೈ ಹಿಡಿದು ಗಾಜಿನ ಮೇಲೆ ಸವರಿಸಿದಳು. ಮಂಜು ಹೊರಗೇ ಇತ್ತು. ಇಲ್ಲಿ ಒಳಗೆ ಬಿಸಿಯೇ ಇಲ್ಲ, ನಮ್ಮ ಮನೆಯಲ್ಲಿ ಬಿಸಿಯಿದೆ ಆದರೆ ಹೊರಗೆ ಬರುತ್ತಿಲ್ಲ, ಎರಡು ಕಡೆಯೂ ಗಾಜು ತಣ್ಣಗೆ. ಅನುಮಾನವಿದ್ದವರು ನಮ್ಮ ಮನೆಯೊಳಗೆ ಹೋಗಿ ನಿಂತು ನೋಡಿ ಎಂದಳು. ನಾಲ್ಕೂ ಜನ ಹೋಗಿ ನಿಂತರು. ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡು ಹೊರಬಂದರು.

ರೆಹಾನಾ ತನ್ನ ಒಣ ಕಿಟಕಿಯನ್ನು ಈಗ ಶತ್ರುವನ್ನು ನೋಡುವಂತೆ ನೋಡಿದಳು. “ಹದಿನಾಲ್ಕು ವರ್ಷ ನಾನು ಬೆಕ್ಕಿಗೆ ಹೀಟರು ಹಚ್ಚಿದೀನಿ,” ಎಂದಳು. ಹೆಸರು ತೆಗೆಯಿರಿ ಎಂದವರು ಇರಲಿ ಬಿಡಿ ಎಂದರು. ಹನ್ನೊಂದು ಸಹಿ ಮತ್ತೆ ಗಟ್ಟಿಯಾಯಿತು. ಎಲ್ಲರ ಕಣ್ಣೂ ಆರನೇ ನಂಬರಿನ ಕಡೆ ತಿರುಗಿತು.

“ಉತ್ತರ ಚೆನ್ನಾಗಿದೆ,” ಎಂದ ವಿಲ್ಫ್. “ನಿನ್ನ ಉತ್ತರ ಆಗಲೂ ಚೆನ್ನಾಗೇ ಇತ್ತು.”

ಅವನು ಚಹಾದ ಲೋಟ ನೋಡುತ್ತ ಮಾತಾಡಿದ, ಮೆಲ್ಲಗೆ, ಯಾರನ್ನೂ ದೂರುವ ದನಿಯಲ್ಲಲ್ಲ. “ಗಾಜಿನ ಮಾತು ಬಿಡು. ಹಾಳಾದ್ರೆ ಹಾಳಾಯ್ತು. ನೋಡೋಕೆ ಜನ ಬರ್ತಾರೆ ಅಂತ ನೀನು ಐವಿಗೆ ಹೇಳಿದ್ದೆ. ಅವಳು ಹೊಸ ಪರದೆ ಹೊಲಿದ್ಲು. ಪ್ರತಿ ಶನಿವಾರ ಕೇಕು ಮಾಡಿಟ್ಟು ಒಳ್ಳೇ ಬಟ್ಟೆ ಹಾಕ್ಕೊಂಡು ಕೂತ್ಕೋತಿದ್ಲು. ಚಿಪ್ಸ್ ಅಂಗಡಿ ವಿಷಯ ತಿಳಿದ ಮೇಲೂ ಕೂತ್ಲು. ಉಳಿದೋರಿಗೆ ಹೇಳಿದ್ದು ಸುಳ್ಳಿರಬಹುದು, ನಮಗೆ ಹಾಕಿಯೇ ಕೊಟ್ರಲ್ಲ, ನಮ್ಮದೇ ನಿಜವಾದ ಮಾದರಿ ಮನೆ ಅಂತಿದ್ಲು. ಒಬ್ಬರೂ ಬರ್ಲಿಲ್ಲ.”

ನನಗೆ ಗ್ಲೆನಿಸ್‌ಳ ಕೈ ಹಿಡಿಯಬೇಕೆನ್ನಿಸಿತು, ಆದರೆ ಆ ಭಾರ ನಾನು ಹೊರಬೇಕಾದದ್ದಾಗಿರಲಿಲ್ಲ.

“ಬರಲ್ಲ ಅಂತ ನಂಗೆ ಗೊತ್ತಿತ್ತು, ವಿಲ್ಫ್,” ಎಂದಳು. “ಹೇಳೋವಾಗ್ಲೇ ಗೊತ್ತಿತ್ತು. ಬೈಸಿಕೊಳ್ಳೋಕೆ ಬಂದ ದಿನ ಎಲ್ಲರ ಮನೆಗೂ ಹೋದೆ, ನಿಮ್ಮನೆಗೆ ಬರ್ಲಿಲ್ಲ. ಐವಿ ಕಿಟಕಿಯಿಂದ ನಕ್ಕು ಕೈ ಬೀಸಿದ್ರು. ಆ ಮುಖಕ್ಕೆ ನಿಜ ಹೇಳೋ ಧೈರ್ಯ ನಂಗಿರ್ಲಿಲ್ಲ. ತಪ್ಪಾಯ್ತು.”

ವಿಲ್ಫ್ ತಲೆಯಾಡಿಸಿದ. ಹೂಂ ಎಂದೋ, ಇಲ್ಲ ಎಂದೋ ತಿಳಿಯಲಿಲ್ಲ. ಒಳಗೆ ಹೋಗಲು ತಿರುಗಿದ. ಪಟ್ಟಿ ಗ್ಲೆನಿಸ್‌ಳ ಕೈಯಲ್ಲೇ ಇತ್ತು. ಅವಳು ಅದನ್ನು ಮುಂದೆ ಚಾಚಲಿಲ್ಲ. ಮಡಚಿ ನನ್ನ ಕೈಗೆ ಕೊಟ್ಟು, ಕೂದಲು ಸರಿಮಾಡಿಕೊಂಡು ಅವನ ಬಾಗಿಲಿಗೆ ಹೋಗಿ, ತೆರೆದ ಬಾಗಿಲನ್ನೇ ತಟ್ಟಿದಳು.

“ಕ್ಲೆಗ್ ಅವರೇ,” ಎಂದಳು, “ಇದು ಮಾದರಿ ಮನೆ ಅಂತ ಕೇಳಿದ್ವಿ. ಕಿಟಕಿ ನೋಡ್ಬಹುದಾ?”

ವಿಲ್ಫ್ ಬೆನ್ನು ತಿರುಗಿಸಿಯೇ ನಿಂತಿದ್ದ. ಅವಳ ಹಿಂದೆ ರೆಹಾನಾ ಹೋಗಿ ನಿಂತಳು. ಅವಳ ಹಿಂದೆ ಕೋಟು ತೋಳ ಮೇಲಿದ್ದ ನಾಲ್ವರು, ಮಕ್ಕಳ ಕೈ ಹಿಡಿದ ತಾಯಂದಿರು, ಕೊನೆಗೆ ಚಡ್ಡಿಯ ಮೇಲೆ ಮಳೆಕೋಟು ಹಾಕಿಕೊಂಡ ನಾನು. ಸರತಿ ಮೂರನೇ ನಂಬರಿನವರೆಗೂ ಹೋಯಿತು. ಶಾಲೆಗೆ ತಡವಾಗುತ್ತದೆಂದು ಯಾರೂ ಅನ್ನಲಿಲ್ಲ. ವಿಲ್ಫ್ ತಿರುಗಿ ಸರತಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಚಹಾದ ಲೋಟವನ್ನು ಕಿಟಕಿಯ ಕಟ್ಟೆಗಿಟ್ಟು, ಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡ.

“ಬನ್ನಿ,” ಎಂದ. “ಕಾಲು ಒರೆಸ್ಕೊಂಡು ಬನ್ನಿ, ಐವಿಗೆ ಕೊಳೆ ಕಂಡ್ರೆ ಆಗಲ್ಲ. ಆ ಸಹಿ ಹಾಕೋ ಕಾಗದ ತಂದ್ಯಾ, ನೆವಿಲ್?”