ಪ್ರತ್ಯೇಕ ಕೋಣೆ ಉಂಟೇ

ಹೆಲ್ತ್ ವಿಸಿಟರ್ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರು. ಚಾಮರಾಜಪೇಟೆಯ ನಮ್ಮ ಮನೆಯಿಂದ ಸಂಬಳಕ್ಕೆ ಹೊರಟ ಮೊದಲ ಹೆಂಗಸು ನಾನೇ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಕ್ಷಯಕ್ಕೆ ಹೊಸ ಇಂಜೆಕ್ಷನ್ ಹೊರದೇಶದಿಂದ ಬರತೊಡಗಿತ್ತು. ಅದರ ಜೊತೆ ವಿದೇಶಿ ಡಾಕ್ಟರೊಬ್ಬರೂ ಬಂದಿದ್ದರು. ರೋಗ ಬಡವ ಶ್ರೀಮಂತ ಎಂದು ನೋಡುವುದಿಲ್ಲ, ಔಷಧವೂ ನೋಡಬಾರದು ಎಂದು ಅವರು ಮೊದಲ ದಿನ ಹೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಅಷ್ಟು ನಂಬಿದ್ದೆ.

ಆದರೆ ಇದ್ದ ಔಷಧ ಕಡಿಮೆ, ಕಾಯುವವರು ಬಹಳ. ಅದಕ್ಕೊಂದು ಫಾರಂ ಮಾಡಿದರು. ರೋಗಿಯ ಮನೆಗೆ ಹೋಗಿ, ಕಣ್ಣಾರೆ ನೋಡಿ, ಅದನ್ನು ತುಂಬುವುದು ನನ್ನ ಕೆಲಸ. ಕಿಟಕಿ ಎಷ್ಟು, ಜನ ಎಷ್ಟು, ರೋಗಿಗೆ ಪ್ರತ್ಯೇಕ ಕೋಣೆ ಉಂಟೇ. ಕೋಣೆ ಇಲ್ಲದ ಮನೆಯಲ್ಲಿ ಒಬ್ಬರಿಗೆ ವಾಸಿ ಮಾಡಿದರೂ ಇನ್ನೊಬ್ಬರಿಗೆ ಅಂಟುತ್ತದೆ, ಔಷಧ ದಂಡ ಎಂಬುದು ಲೆಕ್ಕಾಚಾರ. ನನಗೂ ಅದು ನ್ಯಾಯವೆಂದೇ ಕಂಡಿತ್ತು.

ಅಕ್ಕಿಪೇಟೆಯ ಮಂಡಿಯೊಂದರಲ್ಲಿ ಅಕ್ಕಿ ಕೇರುವ ಹೆಂಗಸೊಬ್ಬಳು ರೋಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ತೀರಿಕೊಂಡಿದ್ದ. ವಠಾರದ ಒಂದೇ ಕೋಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಮತ್ತು ಅವಳು.

"ನೀನೆಲ್ಲಿ ಮಲಗ್ತೀಯಮ್ಮ?" ಎಂದೆ.

"ಬಾಗಿಲಾಚೆ ಜಗಲಿ ಮೇಲೆ, ನರ್ಸಮ್ಮ. ಮಕ್ಕಳು ಒಳಗೆ. ನನ್ ತಟ್ಟೆ, ಲೋಟ ಬೇರೆ ಇಟ್ಟಿದೀನಿ, ನೋಡಿ. ಚಿಕ್ಕದನ್ನ ಎತ್ಕೊಂಡು ಎರಡು ತಿಂಗಳಾಯ್ತು."

ಅಷ್ಟು ಜಾಗ್ರತೆಯನ್ನು ನಾನು ಯಾವ ಮನೆಯಲ್ಲೂ ನೋಡಿರಲಿಲ್ಲ. ಆದರೆ ಜಗಲಿ ಕೋಣೆಯಲ್ಲ. "ಇಲ್ಲ" ಎಂದು ಬರೆದೆ.

ಅದೇ ವಾರ ಮಲ್ಲೇಶ್ವರದ ಒಂದು ಮನೆ. ಕಾಲೇಜು ಓದುವ ಹುಡುಗ ನಡುಮನೆಯ ಮಂಚದ ಮೇಲೆ ಕೂತು, ಅಕ್ಕನ ಮಗುವನ್ನು ತೊಡೆಯ ಮೇಲೆ ಆಡಿಸುತ್ತಿದ್ದ. ಕೋಣೆಯ ವಿಷಯ ಕೇಳಿದೆ.

"ಮಹಡಿ ಮೇಲಿದೆಯಲ್ಲಮ್ಮ," ಎಂದು ಅವನ ತಾಯಿ ಬೀಗದ ಕೈ ತಂದರು. ಒಳಗೆ ಟ್ರಂಕುಗಳು, ಹಳೆಯ ಹಾಸಿಗೆಗಳು, ಜೇಡರ ಬಲೆ. "ನಾಳೆಯಿಂದ ಇಲ್ಲೇ ಮಲಗ್ತಾನೆ. ನೀವು ಚಾಮರಾಜಪೇಟೆಯೋರಾ? ಹಾಗಾದ್ರೆ ನಮ್ಮೋರೇ ಆದ್ರಿ. ಕಾಫಿ ಕುಡೀದೆ ಹೋಗ್ಬಾರ್ದು."

ಕಾಫಿ ಕುಡಿದೆ. "ಉಂಟು" ಎಂದು ಬರೆದೆ.

ಹುಡುಗನಿಗೆ ಇಂಜೆಕ್ಷನ್ ಶುರುವಾಯಿತು. ಅಕ್ಕಿಪೇಟೆಯವಳು ಮಾತ್ರ ಪ್ರತಿ ಗುರುವಾರ ನಡೆದುಕೊಂಡು ಕ್ಲಿನಿಕ್ಕಿಗೆ ಬಂದು ಕೇಳುತ್ತಿದ್ದಳು, "ನನ್ ಹೆಸರು ಬಂತಾ?" ಔಷಧ ಸಿಗುವವರ ಪಟ್ಟಿ ಎಂದೋ ಮುಗಿದಿತ್ತು, ಅದರಲ್ಲಿ ಅವಳ ಹೆಸರಿರಲಿಲ್ಲ. "ಮುಂದಿನ ವಾರ ನೋಡೋಣಮ್ಮ," ಎನ್ನುತ್ತಿದ್ದೆ. ಬಾಯಿಗೆ ಬಂದದ್ದು ಅದೊಂದೇ.

ಒಂದು ದಿನ ತಡೆಯಲಾರದೆ ಮೆಡಿಕಲ್ ಆಫೀಸರ ಮುಂದೆ ನಿಂತೆ. ಆಕೆಯ ಫಾರಂ ಇನ್ನೊಮ್ಮೆ ನೋಡಿ ಎಂದು ಕೇಳಿಕೊಂಡೆ.

"ಒಂದು ತಿದ್ದಿದ್ರೆ ಎಲ್ಲಾನೂ ತಿದ್ದಬೇಕಾಗುತ್ತೆ," ಎಂದರು. "ನೀವು ಕಣ್ಣಲ್ಲಿ ಕಂಡಿದ್ದನ್ನ ತಾನೇ ಬರೆದಿರೋದು?"

ಮಲ್ಲೇಶ್ವರದ ಫಾರಂ ಬಗ್ಗೆ ಆಗ ಬಾಯಿಬಿಡಬೇಕಿತ್ತು. ಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. "ಹೌದು ಸಾರ್," ಎಂದು ಹೊರಬಂದೆ.

ಮುಂದಿನ ಗುರುವಾರ ಅವಳಿಗೆ ನಿಜ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಬೆಂಚಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು.

"ಮೊದಲೇ ಹೇಳ್ಬಾರ್ದಿತ್ತಾ, ನರ್ಸಮ್ಮ? ಇಲ್ಲೀವರೆಗೂ ನಡೆಯೋಕೆ ನಂಗೆ ಉಸಿರು ಸಾಲಲ್ಲ. ದಾರೀಲಿ ನಾಲ್ಕು ಕಡೆ ಕೂರ್ತಿದ್ದೆ."

ಅಷ್ಟೇ ಹೇಳಿ ಎದ್ದುಹೋದಳು. ಮತ್ತೆ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಧೈರ್ಯ ಮಾಡಿ ವಠಾರಕ್ಕೆ ಹೋದೆ. ಅವಳ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು ಎಂದು ಪಕ್ಕದ ಮನೆಯ ಮುದುಕಿ ಹೇಳಿದಳು.

"ಯಾವೂರು?"

"ನೀವೇ ಅವತ್ತು ಅಷ್ಟೊಂದು ಬರ್ಕೊಂಡ್ರಲ್ಲಮ್ಮ, ಅದನ್ನ ಬರ್ಕೊಳ್ಲಿಲ್ವಾ?"

ಕಿಟಕಿ ಇಲ್ಲವೆಂಬುದನ್ನು ಬರೆದುಕೊಂಡಿದ್ದೆ. ಊರು ಕೇಳಿರಲಿಲ್ಲ.

ಹುಡುಗ ಗುಣವಾದ. ಅದರಲ್ಲಿ ಅವನ ತಪ್ಪೇನೂ ಇಲ್ಲ. ವಿದೇಶಿ ಡಾಕ್ಟರು ಹೊರಡುವ ಮುನ್ನ ಎಲ್ಲರೆದುರು ನನ್ನ ಫಾರಂಗಳನ್ನು ಎತ್ತಿ ತೋರಿಸಿ, ಎಷ್ಟು ಅಚ್ಚುಕಟ್ಟು ಎಂದು ಹೊಗಳಿದರು. ದೆಹಲಿಯ ತರಬೇತಿಗೆ ನನ್ನ ಹೆಸರನ್ನು ಅವರೇ ಸೂಚಿಸಿದ್ದರು. ಬೇಡ ಎನ್ನಬಹುದಿತ್ತು. ನಾನು ಹೊಸ ಸೀರೆ ಕೊಂಡು, ಹೋಲ್ಡಾಲ್ ಕಟ್ಟಿಕೊಂಡು ರೈಲು ಹತ್ತಿದೆ.