ನಾಗು ಒಬ್ಬನೇ ಇರಲಿಲ್ಲ

ನಿನ್ನ ಮಗ ಹೇಗೆ ಸತ್ತ ಎಂಬುದು ನನಗೆ ಗೊತ್ತಿತ್ತು, ಚಿಗವ್ವ. ನೀನು ಕೇಳುತ್ತಲೇ ಇದ್ದೆ, ನಾನು ಗೊತ್ತಿಲ್ಲ ಅನ್ನುತ್ತಲೇ ಇದ್ದೆ. ಗೊತ್ತಿತ್ತು — ಅವನ ಕೊನೆಯ ಮಾತಿನ ಸಮೇತ ಗೊತ್ತಿತ್ತು.

ಈಗ ನನಗೂ ವಯಸ್ಸಾಯಿತು. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. "ಮಾವಾರಿ, ಒಂದ್ ಕಡಿ ಕುಂದರ್ರಿ" ಎಂದು ಸೊಸೆ ಗದರುತ್ತಾಳೆ. ಅವಳಿಗೇನು ಗೊತ್ತು — ನೀನು ಯಾರೆಂಬುದೇ ಗೊತ್ತಿಲ್ಲ. ಕಾಶ್ಮೀರದಲ್ಲಿ ಸತ್ತ ನಾಗಪ್ಪ ನನ್ನ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವನೆಂದೇ ಈ ಮನೆಯ ಮಕ್ಕಳು ತಿಳಿದಿದ್ದಾರೆ. ಹಾಗೆ ತಿಳಿಸಿದ ಮಹಾಶಯ ನಾನೇ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮೂರು. ನನ್ನ ನಂತರ ಅವ್ವನಿಗೆ ಮಕ್ಕಳಾಗಲಿಲ್ಲ. ಅಪ್ಪ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಗೌರವ್ವನನ್ನು — ನಿನ್ನನ್ನು — ಉಡಿಕೆ ಮಾಡಿಕೊಂಡು ತಂದ. ಹಂದರವಿಲ್ಲ, ಅರಿಸಿನವಿಲ್ಲ, ಅಕ್ಷತೆಯಿಲ್ಲ; ಒಂದು ಸೀರೆ ಉಡಿಸಿದರೆ ಮದುವೆ ಮುಗಿಯಿತು. ಉಡಿಕೆಯ ಹೆಂಡತಿ ಹೊಲದಲ್ಲಿ ದುಡಿಯಬಹುದು, ರೊಟ್ಟಿ ಬಡಿಯಬಹುದು, ಮಗನನ್ನು ಹೆತ್ತು ಕೊಡಬಹುದು. ಶುಭಕಾರ್ಯದಲ್ಲಿ ಮುಂದೆ ಬರುವಂತಿಲ್ಲ, ಆರತಿ ತಟ್ಟೆ ಮುಟ್ಟುವಂತಿಲ್ಲ. ನಿನಗೆ ಯಾರೂ ಹೇಳಬೇಕಾಗಿರಲಿಲ್ಲ. ಮನೆಗೆ ಬೀಗರು ಬರುತ್ತಾರೆಂದರೆ ನೀನೇ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನಾಗು ದೊಡ್ಡವನಾಗಿ ಪಲ್ಟನ್ನಿಗೆ ಸೇರಿದ, ಕಾಶ್ಮೀರದ ಕದನದಲ್ಲಿ ಸತ್ತ. ತಾರು ಬಂತು, ಅಷ್ಟೇ. ಹೆಣ ಬರಲಿಲ್ಲ, ಹೇಗೆ ಏನು ಎಂಬ ಸುದ್ದಿಯೂ ಬರಲಿಲ್ಲ. ಅಂದಿನಿಂದ ನೀನು ಅಕ್ಕಲಕೋಟೆಯ ಸಂತೆಯಲ್ಲಿ ಖಾಕಿ ಬಟ್ಟೆ ಕಂಡರೆ ಸಾಕು, ಅಡ್ಡ ನಿಲ್ಲುತ್ತಿದ್ದೆ. "ನಮ್ಮ ನಾಗುನ್ನ ಕಂಡಿದ್ರೇನ್ರಿ? ಸಾಯುಮುಂದ ಬಾಜೂಕ ಯಾರರ ಇದ್ರೇನ್ರಿ?" ಪೊಲೀಸರನ್ನು ಕೇಳಿದೆ, ಒಮ್ಮೆ ರೇಲ್ವೆಯ ಜವಾನನನ್ನೂ ಕೇಳಿದೆ. ಜನ ನಕ್ಕರು. ನನಗೆ ನಾಚಿಕೆಯಾಗುತ್ತಿತ್ತು — ನಿನ್ನ ಬಗ್ಗೆ ನಾಚಿಕೆ! ಇದನ್ನು ಬರೆಯುವಾಗ ಕೈ ಉರಿಯುತ್ತದೆ.

ಐವತ್ತರ ದಶಕ ಆಗ ತಾನೇ ಶುರುವಾಗಿತ್ತು. ಸೊಲ್ಲಾಪುರದ ಚಾದರ ವ್ಯಾಪಾರಿಯೊಬ್ಬರು ತಮ್ಮ ಮಗಳನ್ನು ನನಗೆ ಕೊಡಲು ಮನಸ್ಸು ಮಾಡಿದ್ದರು. ದೇಶಕ್ಕೆ ಪ್ರಾಣ ಕೊಟ್ಟವನ ಅಣ್ಣ ಎಂಬುದು ಅವರಿಗೆ ದೊಡ್ಡ ಮಾತಾಗಿತ್ತು. ನಾನೂ ಉಬ್ಬಿದ್ದೆ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ಹೇಳಿಬಿಟ್ಟಿದ್ದೆ. ಉಡಿಕೆಯ ಸುದ್ದಿ ಎತ್ತಿದ್ದರೆ ಆ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. ಮಾತು ಮುಗಿಸಲು ಅವರು ಬರುವ ದಿನ ನಿನ್ನನ್ನು ಬೆಳಿಗ್ಗೆಯೇ ಹೊಲಕ್ಕೆ ಅಟ್ಟಿದೆ. ಜೋಳ ಹಾಲುಗಾಳಾಗಿತ್ತು. ನೀನು ಕವಣೆ ತೆಗೆದುಕೊಂಡು ಹಕ್ಕಿ ಕಾಯಲು ಹೋದೆ.

ಬೀಗರು ಚಹಾ ಕುಡಿಯುತ್ತಿದ್ದಾಗ ಅವನು ಬಂದ. ಸಲಗರ ಬುದ್ರುಕ ಎಂಬ ಊರಿನ ಹುಡುಗ, ನಾಗುವಿನ ಪಲ್ಟನ್ನಿನವನು, ಒಂದು ಕಾಲು ಎಳೆದು ಹಾಕುತ್ತಿದ್ದ. ಬಾಗಿಲಲ್ಲೇ ನಿಂತು, "ನಾಗಪ್ಪನ ಅವ್ವನ ಭೆಟ್ಟಿ ಆಗಬೇಕಾಗ್ಯಾದ್ರಿ. ಆಕಿಗೆ ಒಂದ್ ಮಾತು ಹೇಳೂದದ" ಅಂದ.

ಚಾದರ ವ್ಯಾಪಾರಿ ಎದ್ದು ನಿಂತು ಕೈ ಮುಗಿದರು. ನಾನು ಒಳಗೆ ಹೋಗಿ ಅವ್ವನ ಕೈ ಹಿಡಿದೆ. ಅವ್ವ ಕೊಸರಿಕೊಂಡಳು. "ಬ್ಯಾಡೋ, ಪಾಪ ಹತ್ತತದ. ಗೌರಿನ್ನ ಕರಸು, ಹೊಲ ಏನ್ ದೂರ ಅದ?" ನಾನು ಬಿಡಲಿಲ್ಲ. ಎಳೆದುಕೊಂಡೇ ಬಂದು ಅವನ ಮುಂದೆ ಕೂರಿಸಿದೆ. "ಈಕಿನ ನಾಗುನ ಅವ್ವ" ಅಂದೆ.

ಅಪ್ಪ ಎಲೆಯಡಿಕೆಯ ಚೀಲದಲ್ಲಿ ಕೈ ಹಾಕಿಕೊಂಡು ಕೂತ. ಏನನ್ನು ಹುಡುಕುತ್ತಿದ್ದನೋ, ಕೊನೆಗೂ ಕೈ ಹೊರಗೆ ಬರಲಿಲ್ಲ.

ಹುಡುಗ ಅವ್ವನ ಕಾಲು ಮುಟ್ಟಿ ಎಲ್ಲ ಹೇಳಿದ. ಹಿಮದ ಗುಡ್ಡ, ಹೊಟ್ಟೆಗೆ ಗುಂಡು, ಕೆಳಗಿಳಿಸುವ ದಾರಿಯಿಲ್ಲ. ನಾಗು ಬೆಳಗಿನ ತನಕ ಇದ್ದ. ಈ ಹುಡುಗ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಕಂಬಳಿ ಹೊದಿಸಿ ಕೂತಿದ್ದ. "ನಮ್ಮವ್ವ ಭಾಳ ಹಳಹಳಿಸ್ತಾಳ. ನಾ ಒಬ್ಬನ ಇರಲಿಲ್ಲ ಅಂತ ಹೇಳು" — ಇದು ನಾಗುವಿನ ಮಾತು. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅವ್ವನೂ ಅತ್ತಳು, ನಿಜವಾಗಿಯೇ ಅತ್ತಳು. ಬೀಗರು ಕಣ್ಣೊರೆಸಿಕೊಂಡರು. ಅಂದೇ ಮದುವೆ ನಿಶ್ಚಯವಾಯಿತು.

ಸಂಜೆ ನೀನು ಬಂದೆ. ಓಣಿಯಲ್ಲಿ ಯಾರೋ ಹೇಳಿದ್ದರು. ಕವಣೆ ಇನ್ನೂ ಕೈಯಲ್ಲೇ ಇತ್ತು. "ಯಾರೋ ಮಿಲ್ಟ್ರಿಯಾಂವ ಬಂದಿದ್ನಂತಲ್ಲೋ? ನಾಗುನ ಸುದ್ದಿ ಏನರ..."

"ಹಾದಿ ತಪ್ಪಿ ಬಂದಿದ್ದ. ನೀರು ಕುಡದು ಹೋದ."

ನೀನು ನಂಬಿದೆ. ನನ್ನನ್ನು ಎತ್ತಿ ಆಡಿಸಿದವಳು, ಯಾಕೆ ನಂಬಬಾರದು?

ಮದುವೆಯಾದ ಮೇಲೆ ಹೇಳಬಹುದಿತ್ತು. ನಿನ್ನ ಕಿವಿಯಲ್ಲಿ, ಹೊಲದಲ್ಲಿ, ನಾವಿಬ್ಬರೇ ಇದ್ದಾಗ. ಎಷ್ಟೋ ಸಲ ಬಾಯಿ ತನಕ ಬಂತು. ಹೇಳಿದರೆ ಅವತ್ತಿನ ಸುಳ್ಳನ್ನೂ ಹೇಳಬೇಕು, ಆಮೇಲೆ ನಿನ್ನ ಮುಖ ನೋಡಬೇಕು... ಆಗಲಿಲ್ಲ. ನೀನು ಪ್ರತಿ ಸಂತೆಗೂ ಹೋಗಿ ಖಾಕಿ ಬಟ್ಟೆಯವರನ್ನು ಕೇಳಿಕೊಂಡು ಬಂದೆ. ನಾನು ನಿನ್ನ ಪಕ್ಕದಲ್ಲೇ ಕೂತು ರೊಟ್ಟಿ ತಿಂದೆ.

ಕೆಲವು ವರ್ಷಗಳ ನಂತರ ನನ್ನ ಮಗನ ಮೊದಲ ಕೂದಲು ತೆಗೆಸುವ ಜವಳದ ಕಾರ್ಯಕ್ಕೆ ನಾವೆಲ್ಲ ಸೊಲ್ಲಾಪುರಕ್ಕೆ ಹೋದೆವು. ನಿನಗೆ ಜ್ವರವಿತ್ತು. ಜ್ವರ ಇರದಿದ್ದರೂ ಕರೆದೊಯ್ಯುತ್ತಿರಲಿಲ್ಲ. ಮರಳಿ ಬಂದಾಗ ನೆರೆಯವರು ಬಾಗಿಲ ಮುಂದೆ ಕೂಡಿದ್ದರು. ಯಾವ ಹೊತ್ತಿಗೆ ಜೀವ ಹೋಯಿತೋ, ಅವರಿಗೂ ತಿಳಿದಿರಲಿಲ್ಲ.

ಇವತ್ತು ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಮನೆಯಲ್ಲಿದ್ದಾರೆ. ಕೂಡಿಸಿ ಹೇಳುತ್ತೇನೆ, ನಾಗಪ್ಪನ ತಾಯಿ ಗೌರವ್ವ ಎಂದು. ಅವರು ನನಗೆ ಏನಾದರೂ ಅನ್ನಲಿ. ಅದರಿಂದ ನಿನಗೆ ಏನೂ ಸಿಗುವುದಿಲ್ಲ. ನೀನು ಬೇಡಿದ್ದು ಒಂದೇ ಮಾತು. ಅದು ನನ್ನ ಬಾಯಲ್ಲಿತ್ತು, ನೀನು ಬದುಕಿದ್ದೆ, ನಾನು ಹೇಳಲಿಲ್ಲ.